ಎಡಗಾಲಿಗೆ ಕೆಲಸವಿಲ್ಲದ ಲಾರಿ

ಈ ಪ್ರಸಂಗವನ್ನು ಸರಿಯಾದ ಕ್ರಮದಲ್ಲಿ ಹೇಳಬಲ್ಲೆನೆಂಬ ಭರವಸೆ ನನಗೇ ಇಲ್ಲ. ನಡುವೆ ಎಲ್ಲಾದರೂ ಹಿಂದುಮುಂದಾದರೆ, ಯಂತ್ರಗಳನ್ನು ಬಲ್ಲವರು ಹುಬ್ಬು ಗಂಟಿಕ್ಕುವಂಥ ಮಾತು ಬಂದರೆ, ಹೆತ್ತವರ ಬಗ್ಗೆ ಮಗನಾದವನು ಆಡಬಾರದ ಮಾತು ನುಸುಳಿದರೆ, ಓದುಗರು ಮನ್ನಿಸಬೇಕು. ನಮ್ಮ ವಂಶದಲ್ಲಿ ಕಾಲೇಜಿನ ಮುಖ ಕಂಡವರಲ್ಲಿ ನಾನೇ ಮೊದಲಿಗ. ಅಂಥವನಿಗೆ ಒಂದು ವಾಕ್ಯ ಬರೆಯುವುದೆಂದರೆ ದೊಡ್ಡವರ ಮನೆಯ ಜಮಖಾನದ ಮೇಲೆ ಕಾಲಿಟ್ಟಂತೆ. ಎಲ್ಲಿ ಕೊಳೆ ಅಂಟಿತೋ ಎಂದು ಹಿಂದಿರುಗಿ ನೋಡುತ್ತಲೇ ಇರಬೇಕಾಗುತ್ತದೆ.

ಮೊನ್ನೆ ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿಯ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೆ. ಗುಡ್ಡಗಳ ನಡುವಿನ ಏರು ಬಂದಾಗ ಪಕ್ಕದಲ್ಲಿದ್ದ ರೈತರೊಬ್ಬರು ನನ್ನ ಮೊಣಕಾಲನ್ನು ಮೆಲ್ಲಗೆ ತಟ್ಟಿದರು.

"ಸಾಮೀ, ಕಾಲು ತೆಗೀರಿ. ಅದು ಟೊಮೇಟೊ ಮೂಟೆ. ಸಂತೆಗೆ ಹೋಗೋದ್ರೊಳಗೆ ಸಾರು ಮಾಡ್ಬಿಡ್ತೀರ."

ನಾಚಿಕೆಯಿಂದ ಕಾಲು ಹಿಂದೆಳೆದುಕೊಂಡೆ. ಆದರೆ ಮುಂದಿನ ತಿರುವಿನಲ್ಲಿ ಬಸ್ಸಿನ ಸದ್ದು ಕುಗ್ಗಿತೋ ಇಲ್ಲವೋ, ನನ್ನ ಬಲಗಾಲು ನನ್ನನ್ನು ಕೇಳದೆಯೇ ಮತ್ತೆ ಮುಂದೆ ಸರಿದು ನೆಲವನ್ನು ಒತ್ತತೊಡಗಿತು. ಯಾವ ವಾಹನದಲ್ಲಿ ಕುಳಿತರೂ, ಎಷ್ಟು ಸಣ್ಣ ಏರಾದರೂ, ನನ್ನ ಕಾಲು ಇದನ್ನು ಮಾಡದೆ ಬಿಡದು. ಹಾಗೆ ಒತ್ತದಿದ್ದರೆ ವಾಹನ ಹಿಂದಕ್ಕೆ ಉರುಳುವುದೆಂಬ ಭಯ. ಭೌತಶಾಸ್ತ್ರ ಓದಿದವನಿಗೆ ಇದು ಶೋಭಿಸುವುದಿಲ್ಲವೆಂಬುದನ್ನು ಬಲ್ಲೆ. ಆದರೆ ಈ ಕಾಲನ್ನು ನಾನು ಪಡೆದದ್ದು ಕಾಲೇಜಿನಿಂದಲ್ಲ, ತಾಯಿಯಿಂದ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ ಊರಿಗೆ ಬಂದಿದ್ದೆ. ಊರೆಂದರೆ ಮಂಚೇನಹಳ್ಳಿಯ ಕಡೆ, ಮೂರು ದಿಕ್ಕಿನಲ್ಲೂ ಗುಡ್ಡಗಳಿದ್ದ ಒಂದು ತಗ್ಗಿನ ಹಳ್ಳಿ. ಸಡಕು ಸೇರಬೇಕಾದರೆ ಹುಣಿಸೆಮರದ ಏರೆಂಬ ಕಡಿದಾದ ಕಲ್ಲುದಾರಿಯನ್ನು ಹತ್ತಲೇಬೇಕು. ಚಿಕ್ಕಂದಿನಲ್ಲಿ ಎತ್ತಿನ ಗಾಡಿ ಆ ಏರಿಗೆ ಬಂದಾಗ ಮಕ್ಕಳನ್ನೆಲ್ಲ ಇಳಿಸಿಬಿಡುತ್ತಿದ್ದರು. ನಾವು ಗಾಡಿಯ ಹಿಂದೆ ಕೈಯಿಟ್ಟು ನೂಕುವ ನಟನೆ ಮಾಡುತ್ತಾ ನಡೆಯುತ್ತಿದ್ದೆವು. ನಡು ಏರಿನಲ್ಲಿ ದೊಡ್ಡಪ್ಪ ಹಗ್ಗ ಸಡಿಲಿಸಿ, ಎತ್ತುಗಳ ಬೆನ್ನು ಸವರಿ, "ದಾ ನಾಯನಾ, ದಾ" ಎಂದು ತೆಲುಗಿನಲ್ಲಿ, 'ಬಾರಪ್ಪಾ, ಬಾ' ಎಂಬ ಅಕ್ಕರೆಯಲ್ಲಿ, ಕರೆಯುತ್ತಿದ್ದರು. ಮನುಷ್ಯರೊಡನೆ ಅವರದು ಕನ್ನಡ; ಎತ್ತುಗಳೊಡನೆ ಮಾತ್ರ ತೆಲುಗು. ಆ ಒಂದು ಸಡಿಲಿಕೆಯಲ್ಲಿ ಎತ್ತುಗಳು ಉಸಿರು ತೆಗೆದುಕೊಂಡು ಮತ್ತೆ ಕುತ್ತಿಗೆ ಕೊಡುತ್ತಿದ್ದವು. ಏರಿನ ನಡುವೆ ಹಗ್ಗ ಸಡಿಲಿಸದವನನ್ನು ನಮ್ಮ ಊರಿನಲ್ಲಿ ಕಟುಕನೆನ್ನುತ್ತಿದ್ದರು.

ನಾನು ಬರುವ ವೇಳೆಗೆ ಅಪ್ಪ ಒಂದು ಲಾರಿ ತಂದು ನಿಲ್ಲಿಸಿದ್ದರು. ಮಿಲಿಟರಿಯವರು ಬೇಡವೆಂದು ಮಾರಿದ್ದ ಹಸಿರು ಬಣ್ಣದ ಡಿಸ್ಪೋಜಲ್ ಲಾರಿ. ಚಕ್ರಗಳು ನನ್ನ ಎದೆಯೆತ್ತರ. ಕೊಚ್ಚೆ, ಮರಳು, ಕಲ್ಲುಗುಡ್ಡ, ಎಲ್ಲೆಂದರಲ್ಲಿ ಹೋಗಲೆಂದೇ ಅದನ್ನು ಮಾಡಿದ್ದರಂತೆ. ಅದರ ಚುಕ್ಕಾಣಿ ಎಡಬದಿಯಲ್ಲಿತ್ತು. ಅದಕ್ಕಿಂತ ಸೋಜಿಗವೆಂದರೆ ಅದಕ್ಕೆ ಕ್ಲಚ್ಚೇ ಇರಲಿಲ್ಲ. ಗೇರು ತನ್ನಷ್ಟಕ್ಕೆ ತಾನೇ ಬದಲಾಗುವ ಆಟೋಮ್ಯಾಟಿಕ್. ನಲವತ್ತರ ವಯಸ್ಸಿನವರೆಗೆ ಎತ್ತುಗಳನ್ನಷ್ಟೇ ಹೊಡೆದಿದ್ದ ಅಪ್ಪನಿಗೆ ಚಿಕ್ಕಬಳ್ಳಾಪುರದ ಬಾಷಾ ಮೇಸ್ತ್ರಿಗಳು ಡ್ರೈವಿಂಗ್ ಕಲಿಸಿದ್ದರು. ಲಾರಿಯ ರಿಪೇರಿಯಲ್ಲಿ ಊರೂರಿಗೆ ಹೆಸರಾದ ಅವರೂ ಇಂಥದನ್ನು ನೋಡಿರಲಿಲ್ಲ.

"ಪಿಳ್ಳಪ್ಪಣ್ಣಾ, ಇದುಕ್ಕೆ ಎಡಗಾಲಿಂದು ಕೆಲ್ಸಾನೇ ಇಲ್ಲ. ನೀವು ಎಡಗಾಲು ಮನೇಲೇ ಬಿಟ್ಟು ಬರ್ಬೌದು" ಎಂದು ನಕ್ಕಿದ್ದ ಅವರು, ಚುಕ್ಕಾಣಿಯ ಬಳಿಯ ಪುಟ್ಟ ಹಿಡಿಯೊಂದನ್ನು ತೋರಿಸಿ ಎಚ್ಚರಿಕೆಯನ್ನೂ ಕೊಟ್ಟಿದ್ದರು. "ಇದು ಮೇಲಿನ ಗುರುತಲ್ಲೇ ಇರ್ಲಿ. ಕೆಳಗೆ ಎಳುದ್ರೆ ಒಳಗೆ ಗೇರಿನ ಹಲ್ಲು ಮುರೀತೈತೆ ನೋಡಿ. ಆಮೇಲೆ ಬಾಷಾ ಬಂದ್ರೂ ಇಲ್ಲ, ಬಾಷಾ ಅಪ್ಪ ಬಂದ್ರೂ ಇಲ್ಲ."

ಲಾರಿ ಇಳಿದಾರಿಯಲ್ಲಿ ಊರಿಗೆ ಬಂದಿತ್ತು, ಪೂಜೆ ಮಾಡಿಸಿಕೊಂಡು ಕಣದಲ್ಲಿ ನಿಂತಿತ್ತು. ಅದು ಇನ್ನೂ ಏರು ಹತ್ತಿರಲಿಲ್ಲವೆಂಬುದನ್ನು ಯಾರೂ ಯೋಚಿಸಿರಲಿಲ್ಲ.

ದೊಡ್ಡಪ್ಪನಿಗೆ ಲಾರಿ ಇಷ್ಟವಿರಲಿಲ್ಲ. ಲಾರಿ ಓಡಿದರೆ ಮನೆಯಲ್ಲಿ ಉಳಿದಿದ್ದ ಒಂದು ಜೊತೆ ಎತ್ತನ್ನೂ ಮಾರುವರೆಂಬ ಆತಂಕ ಅವರಿಗೆ. ಅಮ್ಮನಿಗೂ ಇಷ್ಟವಿರಲಿಲ್ಲ. ಆದರೆ ಅಮ್ಮ ಅದನ್ನು ದೊಡ್ಡಪ್ಪನ ಮುಂದೆ ಹೇಳುವಂತಿರಲಿಲ್ಲ. ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಂಗಸರು ದನಿಯೆತ್ತುವುದಿಲ್ಲ. ಮದುವೆಯಾಗಿ ಬಂದ ದಿನದಿಂದ ಅಮ್ಮ ಭಾವನವರೊಡನೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಲೋಟವನ್ನು ನೆಲಕ್ಕೆ ಸದ್ದಾಗುವಂತೆ ಇಡುತ್ತಿದ್ದರು; ಅವರು ಎದ್ದು ಬರುತ್ತಿದ್ದರು. ಆ ಲೋಟದ ಸದ್ದಿನಲ್ಲೇ ಅಮ್ಮನ ಮನಸ್ಸಿನ ಸ್ಥಿತಿ ದೊಡ್ಡಪ್ಪನಿಗೆ ತಿಳಿಯುತ್ತಿತ್ತೆಂದು ಈಗ ಅನಿಸುತ್ತದೆ.

ಆ ಸಲ ರೇಷ್ಮೆ ಬೆಳೆ ಊರಿಗೆ ಊರೇ ಚೆನ್ನಾಗಿ ಬಂದಿತ್ತು. ಹುಳು ಸಾಕಿದವರಿಗೆ ಆ ದಿನಗಳ ಕಳವಳ ಗೊತ್ತು. ಹುಳುಗಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸೋನೆ ಬಿದ್ದಂತೆ ಹಗಲಿರುಳೂ ಕೇಳುತ್ತಿರುತ್ತದೆ. ಅದು ಕೇಳುವವರೆಗೂ ನೆಮ್ಮದಿ. ಹಣ್ಣಾದ ಹುಳುಗಳು ಬಿದಿರಿನಲ್ಲಿ ಹೆಣೆದ ಚಂದ್ರಿಕೆ ಹತ್ತಿ ಗೂಡು ಕಟ್ಟಿದಾಗ ಮನೆ ಸದ್ದಡಗುತ್ತದೆ. ಆಗ ಬೇರೆ ಚಿಂತೆ ಶುರು. ಬಿಡಿಸಿದ ಗೂಡನ್ನು ತಡಮಾಡದೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಮುಟ್ಟಿಸಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗದು. ಮನೆಮಂದಿಯೆಲ್ಲ ನಿದ್ದೆಗೆಟ್ಟ ಇಡೀ ಬೆಳೆ ಹತ್ತಿಯ ಸಿಪ್ಪೆಯಂತಾಗುತ್ತದೆ.

ಊರಿನ ಗಾಡಿಗಳೆಲ್ಲ ಕಬ್ಬು ಹೇರಲು ಗೌರಿಬಿದನೂರಿನ ಕಡೆಗೆ ಹೋಗಿದ್ದವು. "ಹೋಗಲಿ ಬಿಡ್ರಪ್ಪಾ, ಈ ಸಲ ಗೂಡೆಲ್ಲ ನಮ್ಮ ಲಾರೀಲಿ" ಎಂದು ಅಪ್ಪ ಊರಿಗೆಲ್ಲ ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆ ಊರಿನ ಅಷ್ಟೂ ಮನೆಗಳ ಗೂಡು ಕುಳಿತಿತ್ತು.

ಹೊರಡುವ ಬೆಳಿಗ್ಗೆ ಲಾರಿಯ ಸುತ್ತ ಜನವೋ ಜನ. ಗೂಡು ಹಗುರ, ಅರ್ಧ ಲಾರಿ ಖಾಲಿ ಹೋಗುವುದೇಕೆಂದು ಅಪ್ಪ ಆಲೂಗಡ್ಡೆ ಮೂಟೆಗಳನ್ನೂ ಹೇರಿಸಿದರು. ತಂತಮ್ಮ ಬುಟ್ಟಿಗಳನ್ನು ಬಿಟ್ಟಿರಲಾರದೆ ಮನೆಗೊಬ್ಬರಂತೆ ಮೇಲೆ ಹತ್ತಿ ಕುಳಿತರು. ನಮ್ಮ ಮನೆಯ ಗೂಡಿನ ಹೊಣೆ ಅಮ್ಮನದು. ಮಂಚೇನಹಳ್ಳಿ ದಾಟಿ ಎಂದೂ ಹೋಗದ ಅಮ್ಮ ಬುಟ್ಟಿಯನ್ನು ತಬ್ಬಿಕೊಂಡು, ಒಳಗೆ ಅಪ್ಪನಿಗೂ ನನಗೂ ನಡುವೆ ಕುಳಿತರು. ಎಡಗಡೆ ಅಪ್ಪನ ಬಾಗಿಲ ಪಕ್ಕದಲ್ಲಿ ದೊಡ್ಡಪ್ಪ, ಗಾಡಿಯ ಜೊತೆ ನಡೆಯುವ ಹಳೆಯ ಅಭ್ಯಾಸದಂತೆ, ಚಕ್ರಕ್ಕೆ ಕೊಡಲು ಒಂದು ಅಡ್ಡಗಲ್ಲನ್ನು ಹೆಗಲ ಮೇಲಿಟ್ಟುಕೊಂಡು ನಿಂತರು.

ಏರು ಅರ್ಧ ಮುಗಿದಿತ್ತು. ಇಂಜಿನ್ ಗರ್ಜಿಸುತ್ತಿತ್ತು. ಹುಣಿಸೆಮರದ ತಿರುವಿನಲ್ಲಿ ಆ ಗರ್ಜನೆ ಇದ್ದಕ್ಕಿದ್ದಂತೆ ಇಳಿಯಿತು. ಲಾರಿ ಮೆಲ್ಲಗೊಮ್ಮೆ ತೂಗಿ, ಕೆಮ್ಮಿ, ನಿಂತೇಹೋಯಿತು.

"ಕಲ್ಲು! ಕಲ್ಲು!" ಎಂದು ಮೇಲಿದ್ದವರು ಕೂಗಿದರು. ದೊಡ್ಡಪ್ಪ ಹಿಂಚಕ್ರಕ್ಕೆ ಕಲ್ಲು ಕೊಟ್ಟರು. ಅಮ್ಮನ ಉಗುರು ನನ್ನ ಮುಂಗೈಯಲ್ಲಿ ನಾಟಿತ್ತು.

ಎಲ್ಲರೂ ನನ್ನ ಕಡೆ ನೋಡಿದರು. "ಏನಪ್ಪಾ ಬಿಎಸ್ಸಿ, ಇದಕ್ಕೆ ಶಕ್ತಿ ಬರೋದು ಹೆಂಗೆ?" ಎಂದು ಒಬ್ಬರು ಕೇಳಿದರು. ಅದು ಕುಹಕವಲ್ಲ, ನಿಜವಾದ ನಂಬಿಕೆ. ನನ್ನ ಓದಿಗಾಗಿ ನಮ್ಮ ಮನೆಯವರು ಏನೇನು ಬಿಟ್ಟಿದ್ದರೆಂಬುದು ನನಗೆ ತಿಳಿದಿತ್ತು. ಇಳಿಜಾರಿನ ಕೋನ, ಭಾರ, ಘರ್ಷಣೆ ಇತ್ಯಾದಿಯಾಗಿ ಗ್ರಂಥದ ಕನ್ನಡದಲ್ಲಿ ಒಂದು ವಿವರಣೆ ಕೊಟ್ಟೆ. ಕೊನೆಗೆ ಅದರ ಸಾರವೆಂದರೆ, ಭಾರ ಕಡಿಮೆ ಮಾಡಬೇಕು.

"ಇದುಕ್ಕೆ ಬೆಂಗಳೂರಿಗೆ ಹೋಗ್ಬೇಕಾ? ನಮ್ಮೆತ್ತಿಗೂ ಗೊತ್ತು" ಎಂದರು ದೊಡ್ಡಪ್ಪ.

ಲಾರಿಯನ್ನು ಹಿಂದಕ್ಕೆ ಇಳಿಸಿ ಆಲೂಗಡ್ಡೆ ಮೂಟೆಗಳನ್ನು ಕೆಳಗಿಟ್ಟೆವು. ಮತ್ತೆ ಹತ್ತಿಸಿದೆವು. ಅದೇ ತಿರುವು, ಅದೇ ಕೆಮ್ಮು. ಜನರನ್ನು ಇಳಿಸಿದೆವು. ಗೂಡಿನ ಬುಟ್ಟಿಗಳನ್ನೂ ಇಳಿಸಿ ಮರದ ನೆರಳಿನಲ್ಲಿ ಸಾಲಾಗಿಟ್ಟೆವು. ಬಿಸಿಲು ಏರುತ್ತಿತ್ತು. ಒಬ್ಬ ಮುದುಕಿ ತನ್ನ ಬುಟ್ಟಿಯಿಂದ ಗೂಡೊಂದನ್ನು ತೆಗೆದು, ಒಳಗಿನ ಹುಳುವಿನ ಸದ್ದಿಗಾಗಿ ಕಿವಿಯ ಹತ್ತಿರ ಅಲುಗಿಸಿ ನೋಡಿದಳು. ಬಳಿಕ ಅದನ್ನು ಹಿಂದಕ್ಕಿಟ್ಟಳು. ಅವಳು ಒಂದು ಮಾತು ಬೈದಿದ್ದರೆ ನನಗೆ ಅಷ್ಟು ದಿಗಿಲಾಗುತ್ತಿರಲಿಲ್ಲ.

"ನೀನೂ ಇಳಿಯೇ" ಎಂದರು ಅಪ್ಪ ಅಮ್ಮನಿಗೆ.

"ನಾನು ಇಳಿಯಲ್ಲ. ಇಳಿದು ಹಿಂದೆ ನಿಂತ್ರೆ ನನ್ನ ಮೇಲೇ ಬರ್ತೈತೆ" ಎಂದು ಅಮ್ಮ ಪಿಸುಗುಟ್ಟಿದರು. ಅಮ್ಮನ ಹೆದರಿಕೆಗಳಿಗೆ ಹೀಗೆ ಅವರದೇ ಆದ ಲೆಕ್ಕವಿರುತ್ತಿತ್ತು. ಹಾವು ಕಂಡರೆ ಓಡುತ್ತಿರಲಿಲ್ಲ, ಓಡಿದರೆ ಇನ್ನೊಂದು ಎದುರಾಗುವುದೆಂದು. ನಾನು ಪರೀಕ್ಷೆಗೆ ಹೊರಟಾಗ ಹೋಗಿ ಬಾ ಎನ್ನುತ್ತಿರಲಿಲ್ಲ, ಬರೀ ಬಾ ಎನ್ನುತ್ತಿದ್ದರು. ಹೋಗುವುದನ್ನು ಬಾಯಲ್ಲಿ ಹೇಳಲು ಭಯ.

ಖಾಲಿ ಲಾರಿ, ಒಳಗೆ ನಾವು ಮೂವರು. ಪಕ್ಕದಲ್ಲಿ ದೊಡ್ಡಪ್ಪ, ಒಂದು ಕೈ ಬಾಗಿಲ ಮೇಲೆ, ಬಾಯಲ್ಲಿ "ದಾ ನಾಯನಾ." ಲಾರಿ ತಮಗೆ ಬೇಡವಾಗಿದ್ದರೂ ಅದನ್ನು ಅವರು ಕರೆಯುತ್ತಿದ್ದ ದನಿಯಲ್ಲಿ ಕಪಟವಿರಲಿಲ್ಲ. ಏರಿನಲ್ಲಿ ಕಷ್ಟಪಡುವ ಯಾವುದನ್ನೇ ಆದರೂ ಅವರು ಹಾಗೆಯೇ ಕರೆಯುತ್ತಿದ್ದರು. ತಿರುವು ಹತ್ತಿರವಾಯಿತು. ಸದ್ದು ಕುಗ್ಗುವ ಕ್ಷಣ ಬಂದಿತೆಂದು ನಾನು ಕಣ್ಣು ಮುಚ್ಚಿದೆ.

ಸದ್ದು ಕುಗ್ಗಲಿಲ್ಲ. ಲಾರಿ ಒಮ್ಮೆ ಮುಗ್ಗರಿಸಿದಂತಾಗಿ, ಹುಚ್ಚು ಕೋಣದಂತೆ ಮುನ್ನುಗ್ಗಿ, ದೊಡ್ಡಪ್ಪನ ಕೈ ಜಾರಿಸಿಕೊಂಡು ಏರಿನ ತುದಿ ಮುಟ್ಟಿತು. ಕಣ್ಣು ತೆರೆದಾಗ ಅಪ್ಪ ಬೆವತುಹೋಗಿದ್ದರು. ಅಮ್ಮ ಬಗ್ಗಿ ಅಪ್ಪನ ಬಲಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇದು ಯಾವ ಭಕ್ತಿಯೆಂದು ನನಗೆ ತಿಳಿಯಲಿಲ್ಲ.

ಏದುಸಿರು ಬಿಡುತ್ತಾ ಬಂದ ದೊಡ್ಡಪ್ಪ ಕೇಳಿದರು: "ಏನೋ ಮಾಡ್ದೆ ಪಿಳ್ಳಪ್ಪಾ?"

"ಏನಿಲ್ಲಣ್ಣಾ, ದೇವ್ರು ದೊಡ್ಡೋನು" ಎಂದರು ಅಪ್ಪ, ಹೊರಗೆ ನೋಡುತ್ತಾ.

ಮೇಲೆ ಖಾಲಿ ಲಾರಿ, ಕೆಳಗೆ ಊರಿನ ಬೆಳೆ. ಕೂಗಿ ನಕ್ಕವರೂ ಇದ್ದರು. ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ತರುತ್ತೇವೆಂದವರಿಗೆ ಅಪ್ಪ ಒಪ್ಪಲಿಲ್ಲ; ಒಮ್ಮೆ ಹತ್ತಿದ್ದು ಮತ್ತೆ ಹತ್ತಲೇಬೇಕೆಂಬ ಹಟ ಅವರಿಗೆ. ಲಾರಿಯನ್ನು ಮತ್ತೆ ಕೆಳಗಿಳಿಸಿ ಗೂಡಿನ ಬುಟ್ಟಿಗಳನ್ನು ಹೇರಿದೆವು. ಈ ಸಲ ಅಪ್ಪ ಅಮ್ಮನನ್ನು ಗದರಿಸಿ ಇಳಿಸಿದರು. ಒಳಗೆ ಅಪ್ಪ, ಪಕ್ಕದಲ್ಲಿ ನಾನು, ಇಬ್ಬರೇ ಹೊರಟೆವು. ಆಗಲೇ ನಾನು ಮೊದಲ ಬಾರಿಗೆ ಅಪ್ಪನ ಕಾಲನ್ನು ನೋಡಿದೆ. ತಿರುವಿನಲ್ಲಿ, ಇಂಜಿನ್ ಅತ್ಯಂತ ಕಷ್ಟಪಡುವ ಕಡೆ, ಅಪ್ಪನ ಮುಖ ಮೃದುವಾಯಿತು. ಕಾಲು ಒಂದಿಷ್ಟು ಮೇಲೆ ಬಂದಿತು. ಎಡಗೈ ಬಾಗಿಲನ್ನು ಎತ್ತಿನ ಬೆನ್ನಿನಂತೆ ಸವರಿತು. ಅಪ್ಪ ಹಗ್ಗ ಸಡಿಲಿಸುತ್ತಿದ್ದರು! ಒಳಗೆಲ್ಲೋ ಮೆತ್ತಗೆ ಕುಲುಕಿದಂತಾಯಿತು, ಸದ್ದು ಇಳಿಯಿತು, ಲಾರಿ ಕೆಮ್ಮಿ ನಿಂತಿತು.

ಈ ಬಾರಿ ಯಾರೂ ನಗಲಿಲ್ಲ. ದೊಡ್ಡಪ್ಪ ಕಲ್ಲು ಕೊಟ್ಟು ಬಂದು ತಮ್ಮನ ಮುಖ ನೋಡಿದರು. "ಆವಾಗ ಹತ್ತಿದ್ದು ಈವಾಗ ಯಾಕಪ್ಪಾ ಹತ್ತಲಿಲ್ಲ? ಮುಚ್ಚಿಡಬೇಡ. ಊರಿನ ಗೂಡು ಕಣೋ ಇದು."

ಅಪ್ಪ ಬಹಳ ಹೊತ್ತು ಚುಕ್ಕಾಣಿಯನ್ನು ಒರೆಸಿದರು. ಕೊನೆಗೆ, "ಅವಳು ನನ್ನ ಕಾಲು ತುಳಿದ್ಲು" ಎಂದರು.

ಗಂಡನ ಕಾಲನ್ನು ಹೆಂಡತಿ ತುಳಿದಳೆಂಬುದನ್ನು ನಾಲ್ಕು ಜನರ ಎದುರು ಹೇಳುವುದು ಆ ಕಾಲದಲ್ಲಿ ಎಂಥದ್ದೆಂದು ಇಂದಿನ ಓದುಗರಿಗೆ ತಿಳಿಸುವುದು ಕಷ್ಟ. ಮೇಲೇರಿ ಬರುತ್ತಿದ್ದ ಅಮ್ಮ ನಿಂತಲ್ಲೇ ನಿಂತರು. ದೊಡ್ಡಪ್ಪ ಅತ್ತ ತಿರುಗಿದರು.

"ಯಾಕಮ್ಮಾ ಪಾರ್ವತಮ್ಮಾ? ಯಾಕೆ ತುಳಿದೆ? ನೀನೇ ಹೇಳು."

ಸದ್ದು ಮಾಡಲು ಅಲ್ಲಿ ಲೋಟವಿರಲಿಲ್ಲ. ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು, ಬಿಟ್ಟರು. ಬಳಿಕ, ನನ್ನ ಜನ್ಮದಲ್ಲಿ ಮೊದಲ ಬಾರಿಗೆ, ಅಮ್ಮ ದೊಡ್ಡಪ್ಪನಿಗೆ ಮಾತು ಹೇಳಿದ್ದನ್ನು ಕೇಳಿದೆ.

"ಭಾವಾ, ಅವರ ಕಾಲು ಮೇಲಕ್ಕೆ ಬಂದಂಗೆಲ್ಲ ನನ್ನ ಬೆನ್ನು ಹಿಂದಕ್ಕೆ ಹೋಗ್ತಿತ್ತು. ಬಾಯಲ್ಲಿ ಹೇಳಣ ಅಂದ್ರೆ ನೀವು ಪಕ್ಕದಾಗೇ ಇದ್ರಿ. ಭಯ ತಡೀಲಿಲ್ಲ. ತುಳಿದ್ಬಿಟ್ಟೆ."

ನನ್ನ ತಲೆಯಲ್ಲಿ ಅಷ್ಟು ಹೊತ್ತು ಚದುರಿದ್ದ ಸದ್ದುಗಳು ಒಂದುಗೂಡಿದ್ದು ಆಗ. ಕಾಲು ಸಡಿಲವಾದಾಗ ಆ ಯಂತ್ರ ತನಗೆ ಕಷ್ಟ ಮುಗಿಯಿತೆಂದೇ ಭಾವಿಸುತ್ತದೆ. ಬಯಲಿನಲ್ಲಿ ಓಡುವ ಮೇಲಿನ ಗೇರಿಗೆ ತಾನೇ ಜಾರಿಕೊಳ್ಳುತ್ತದೆ. ಆ ಗೇರಿನಲ್ಲಿ ವೇಗವುಂಟು, ಎಳೆಯುವ ಬಲವಿಲ್ಲ. ನಾವು ತೋರಿದ ಕನಿಕರವೇ ಅದರ ಬಲ ಕಳೆಯುತ್ತಿತ್ತು. ಕಾಲು ಬಿಗಿಯಾಗಿದ್ದರೆ ಅದು ಕೆಳಗಿನ ಗೇರನ್ನು ಬಿಡದು. ಆದರೆ ಅಷ್ಟು ಭಾರದೊಡನೆ ಬರೀ ಕಾಲನ್ನು ನಂಬಬಹುದೆ? ಗೇರು ಮೇಲಕ್ಕೆ ಜಾರದಂತೆ ಹಿಡಿದಿಡುವ ಉಪಾಯವೊಂದು ಇರಲೇಬೇಕು. ನನ್ನ ಕಣ್ಣು ಆ ಪುಟ್ಟ ಹಿಡಿಯ ಮೇಲೆ ಬಿದ್ದಿತು.

"ಅಪ್ಪಾ, ಅದನ್ನು ಕೆಳಗಿನ ಗುರುತಿಗೆ ಎಳೆದರೆ ಆಗಬಹುದು" ಎಂದೆ.

"ಹಲ್ಲು ಮುರೀತೈತೆ ಅಂದವ್ರೆ ಸಾಬ್ರು."

"ಮುರಿಯಲಾರದು ಎಂದು ನನ್ನ ಊಹೆ."

"ಊಹೆನೋ, ಗೊತ್ತೋ?"

ಮುರಿದರೆ ಲಾರಿ ಹೋಯಿತು, ಊರಿನ ಗೂಡು ಹೋಯಿತು, ಅಪ್ಪನ ಮಾತು ಹೋಯಿತು. ಓದಿಸಿದ ಮಗನೇ ಮುರಿದನೆಂಬುದು ಮಾತ್ರ ಉಳಿಯುತ್ತಿತ್ತು. ಪರೀಕ್ಷೆಯಲ್ಲಿ ತಿಳಿಯದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಬಹುದು. ಇಲ್ಲಿ ಮುಂದೆ ಹುಣಿಸೆಮರವಿತ್ತು. ಮರದ ಕೆಳಗೆ ಆ ಮುದುಕಿ, ಸೆರಗಿನಲ್ಲಿ ಉಳಿಸಿಕೊಂಡಿದ್ದ ಗೂಡೊಂದನ್ನು ಮತ್ತೆ ಕಿವಿಗಿಟ್ಟುಕೊಂಡಿದ್ದಳು.

"ಊಹೆ" ಎಂದೆ.

ದೊಡ್ಡಪ್ಪ ಒಂದು ಕ್ಷಣ ನನ್ನನ್ನು ನೋಡಿ, "ನಿಜ ಹೇಳ್ದ. ಎಳೀಲಿ ಬಿಡು ಪಿಳ್ಳಪ್ಪಾ" ಎಂದರು. "ಪಾರ್ವತಮ್ಮಾ, ನೀನೂ ಹತ್ತಮ್ಮಾ. ಆವಾಗ ಕೂತಿದ್ದ ಕಡೇನೇ ಕೂತ್ಕೋ."

ಲಾರಿಯನ್ನು ಕೆಳಗಿಳಿಸಿ, ಹಿಡಿಯನ್ನು ಎಳೆದೆ. ಕಟಕ್ಕೆಂದು ಸದ್ದಾಯಿತು, ನನ್ನ ಎದೆಯೊಳಗೂ ಆಯಿತು. ಅಪ್ಪ ಕಾಲಿಟ್ಟರು. ಅದರ ಮೇಲೆ, ಈಗ ಬಚ್ಚಿಡುವ ಅಗತ್ಯವಿಲ್ಲದೆ, ಅಮ್ಮ ತಮ್ಮ ಬರಿಗಾಲಿಟ್ಟರು. ಲಾರಿ ನಿಧಾನವಾಗಿ, ಹಿಂದೆಂದೂ ಕೇಳದ ಗಡಸು ದನಿಯಲ್ಲಿ, ಒಂದೇ ಸಮನೆ ಹತ್ತಿತು. ತಿರುವು ಬಂದಿತು. ಅಪ್ಪನ ಮುಖ ಮತ್ತೆ ಮೃದುವಾಗತೊಡಗಿತು.

"ಬಿಡಬ್ಯಾಡ್ರಿ!" ಎಂದು ಅಮ್ಮ ಕೂಗಿದರು. ದೊಡ್ಡಪ್ಪನ ಎದುರಿಗೇ, ಊರಿನ ಎದುರಿಗೇ, ಗಂಟಲು ಹರಿಯುವಂತೆ. "ಬಿಡಬ್ಯಾಡ್ರಿ ಅಂದ್ರೆ!"

"ಬಿಡಬ್ಯಾಡ್ವೋ!" ಎಂದು ಹೊರಗಿನಿಂದ ದೊಡ್ಡಪ್ಪನೂ ಕೂಗಿದರು. ಕಟುಕನಾಗಬೇಡವೆಂದು ತಾವೇ ಕಲಿಸಿದ್ದ ತಮ್ಮನಿಗೆ.

ನನಗೆ ಒತ್ತಲು ಏನೂ ಇರಲಿಲ್ಲ. ಆದರೂ ನನ್ನ ಬಲಗಾಲು ಲಾರಿಯ ತಗಡನ್ನು ಒತ್ತುತ್ತಿತ್ತು, ಮಡಿಲಲ್ಲಿ ಗೂಡಿನ ಬುಟ್ಟಿ. ಹುಣಿಸೆಮರ ಹಿಂದೆ ಸರಿಯಿತು. ಹಲ್ಲು ಮುರಿಯಲಿಲ್ಲ. ಮೇಲೆ ತಲುಪಿದಾಗ ಅಮ್ಮ ಮತ್ತೆ ಬಗ್ಗಿ ಅಪ್ಪನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಪ್ಪ, "ಪ್ರತಿ ಸಲಾನೂ ಇದೇ ಕೆಲಸಾನಾ?" ಎಂದು ಸಿಡುಕಿದರು. ಆ ಸಿಡುಕಿನಲ್ಲಿ ನಗೆ ಸೇರಿತ್ತು. ಸಂಜೆಯೊಳಗೆ ಗೂಡು ಶಿಡ್ಲಘಟ್ಟ ತಲುಪಿತು. ನಮ್ಮ ಊರಿನ ಒಂದೇ ಒಂದು ಗೂಡೂ ತೂತು ಬಿದ್ದಿರಲಿಲ್ಲವೆಂದು ಹೇಳಬೇಕೆಂಬ ಆಸೆಯಿದೆ. ಆದರೆ ಕೆಲವು ಬಿದ್ದಿದ್ದವು. ಆ ಮುದುಕಿಯ ಬುಟ್ಟಿಯಲ್ಲಿ ಅಲ್ಲ.

ಇನ್ನು ನಮ್ಮ ಮನೆಯಲ್ಲಿ ಏನು ಬದಲಾಯಿತೆಂಬುದನ್ನು ನೇರವಾಗಿ ಹೇಳುತ್ತೇನೆ. ಲಾರಿ ಹಲವು ವರ್ಷ ಓಡಿತು. ಅಪ್ಪ ಹಿಡಿ ಎಳೆಯುವುದನ್ನು ಕಲಿತರು, ಆದರೆ ಏರಿನಲ್ಲಿ ಕಾಲು ಸಡಿಲಿಸುವುದನ್ನು ಕಡೆಯವರೆಗೂ ಮರೆಯಲಿಲ್ಲ. ಆದ್ದರಿಂದ ಅಮ್ಮ ಪ್ರತಿ ಸಲವೂ ಜೊತೆಯಲ್ಲಿ ಹೋದರು. ಶಿಡ್ಲಘಟ್ಟದಲ್ಲಿ ಗೂಡು, ಚಿಂತಾಮಣಿಯಲ್ಲಿ ಕಡಲೆಕಾಯಿ, ಚಿಕ್ಕಬಳ್ಳಾಪುರದಲ್ಲಿ ಆಲೂಗಡ್ಡೆ, ಎಲ್ಲಕ್ಕೂ ಧಾರಣೆ ಕುದುರಿಸುವವರು ಅಮ್ಮನೇ ಆದರು. ಅದೇ ಲಾರಿಯಲ್ಲಿ ನನ್ನ ತಂಗಿ ಚಿಕ್ಕಬಳ್ಳಾಪುರದ ಹೈಸ್ಕೂಲಿಗೆ ಸೇರಲು ಹೋದಳು. ನನಗೆ ಚಿಂತಾಮಣಿಯಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಎತ್ತುಗಳನ್ನು ಮಾರಲಿಲ್ಲ, ಉಳುಮೆಗೆ ಉಳಿದವು, ಮುಪ್ಪಾಗಿ ನಮ್ಮ ಕೊಟ್ಟಿಗೆಯಲ್ಲೇ ಸತ್ತವು.

ಊಟಕ್ಕೆ ಕರೆಯಲು ಅಮ್ಮ ಮತ್ತೆಂದೂ ಲೋಟದ ಸದ್ದು ಮಾಡಲಿಲ್ಲ. "ಭಾವಾ, ಬನ್ನಿ" ಎನ್ನುತ್ತಿದ್ದರು. ಮನೆಯಲ್ಲಿ ಯಾವ ಮಾತು ಬಂದರೂ ದೊಡ್ಡಪ್ಪ ಮೊದಲು ಅಡಿಗೆಮನೆಯ ಕಡೆ ತಿರುಗಿ, "ನೀನೇನಂತೀಯಮ್ಮಾ?" ಎಂದು ಕೇಳುತ್ತಿದ್ದರು. ಅಮ್ಮ ಹೊರಗೆ ಬಂದು ಹೇಳುತ್ತಿದ್ದರು.